‘ಪಾಪರ್’ ಎಂಬ ಪದಕ್ಕೆ ‘ನಿರ್ಗತಿಕ’ ಎಂದರೆ ಸಾಕೇ?

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಬಡತನವನ್ನು ಕುರಿತು ಅಮೆರಿಕದ ಇತಿಹಾಸಕಾರ್ತಿ ಗರ್ಟ್ರೂಡ್ ಹಿಮ್ಮೆಲ್‌ಫಾರ್ಬ್ 1984ರಲ್ಲಿ ಪ್ರಕಟಿಸಿದ ‘ದಿ ಐಡಿಯಾ ಆಫ್ ಪಾವರ್ಟಿ’ ಗ್ರಂಥವನ್ನು ಪರಿಚಯಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. 1834ರ ಬಡವರ ಕಾಯಿದೆಯ ತಿದ್ದುಪಡಿಯನ್ನು ಅವರು ವಿವರಿಸುವುದು ‘ಪೂರ್’ ಮತ್ತು ‘ಪಾಪರ್’ ಎಂಬ ಎರಡು ಇಂಗ್ಲಿಷ್ ಪದಗಳ ಭೇದವನ್ನು ಹಿಡಿದು. ದುಡಿದು ಅರೆಹೊಟ್ಟೆ ಉಣ್ಣುವ ನೇಕಾರ ‘ಪೂರ್’. ಊರಿನ ತೆರಿಗೆಯ ಹಣದಿಂದ ನೆರವು ಪಡೆಯುವವನು ‘ಪಾಪರ್’. ಆ ನೆರವಿಗಾಗಿ, ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ವರ್ಕ್‌ಹೌಸನ್ನು ಸೇರಿದರೆ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ವಿಭಾಗಗಳಲ್ಲಿ ಇರಬೇಕಾಗಿತ್ತು. ನೆರವು ಪಡೆದವನು ಮತದಾನದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದನು.

ಈ ‘ಪಾಪರ್’ಗೆ ಕನ್ನಡದಲ್ಲಿ ತಟ್ಟನೆ ಹೊಳೆಯುವ ‘ನಿರ್ಗತಿಕ’, ‘ದರಿದ್ರ’ ಎಂಬ ಪದಗಳು ಇಲ್ಲದಿರುವಿಕೆಯನ್ನು ಹೇಳುತ್ತವೆಯೇ ಹೊರತು ಯಾರ ಅನ್ನ ಉಣ್ಣುತ್ತಿದ್ದಾನೆ ಎಂಬುದನ್ನು ಹೇಳುವುದಿಲ್ಲ. ‘ಭಿಕ್ಷುಕ’ ಎನ್ನುವಂತೆಯೂ ಇಲ್ಲ, ಏಕೆಂದರೆ ಅಲ್ಲಿ ಬೇಡುವುದು 1824ರ ಅಲೆಮಾರಿಗಳ ಕಾಯಿದೆಯ ಪ್ರಕಾರ ಅಪರಾಧವಾಗಿತ್ತು. ಮೇಲಾಗಿ ಜಂಗಮರ, ದಾಸರ ಭಿಕ್ಷೆಗೆ ನಮ್ಮಲ್ಲಿ ಗೌರವವಿದೆ. ‘ಆಶ್ರಿತ’ ಎಂದರೆ ರಾಜಾಶ್ರಿತ ಕವಿಗಳು ನೆನಪಾಗುತ್ತಾರೆ, ಅವಮಾನದ ಸುಳಿವೇ ಇರುವುದಿಲ್ಲ.

‘ಪಾಪರ್’ ಎಂದೇ ಉಳಿಸಿಕೊಳ್ಳೋಣವೆಂದರೆ ಅದು ಆಗಲೇ ಕನ್ನಡವಾಗಿ ಬೇರೆ ದಾರಿ ಹಿಡಿದಿದೆ. ನ್ಯಾಯಾಲಯದ ಶುಲ್ಕ ಕಟ್ಟಲಾರದವನನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ಹೆಸರಿನಿಂದಲೇ ಕರೆದಿತ್ತು. 1976ರ ತಿದ್ದುಪಡಿ ಆ ಪದವನ್ನು ಕೈಬಿಟ್ಟಿತು. ಜನರ ಬಾಯಲ್ಲಿ ಮಾತ್ರ ‘ಪಾಪರ್ ಆದ’, ‘ಪಾಪರ್ ಚೀಟಿ’ ಎಂಬ ಮಾತುಗಳು ದಿವಾಳಿ ಎಂಬ ಅರ್ಥದಲ್ಲಿ ಉಳಿದಿವೆ. ಸಾಲ ತೀರಿಸಲಾಗದ ವ್ಯಾಪಾರಿಯ ಚಿತ್ರ ಓದುಗರ ಮನಸ್ಸಿಗೆ ಬಂದರೆ ಇಡೀ ವಾದವೇ ದಿಕ್ಕು ತಪ್ಪುತ್ತದೆ.

ನನ್ನ ಒಲವು ‘ಹಂಗು’ ಎಂಬ ನಮ್ಮ ಪದದ ಕಡೆಗಿದೆ. ‘ಹಂಗಿನ ಅನ್ನ’ ಎಂದಾಗ ಕೊಟ್ಟವನೂ ಕಾಣುತ್ತಾನೆ, ಉಂಡವನ ತಲೆ ತಗ್ಗಿರುವುದೂ ಕಾಣುತ್ತದೆ. ಹಾಗಾದರೆ ‘ಪೂರ್’ಗೆ ‘ಬಡವ’, ‘ಪಾಪರ್’ಗೆ ‘ಹಂಗಿಗ’, ‘ಪಾಪರಿಸಂ’ಗೆ ‘ಹಂಗಿನ ಬಾಳು’ ಎನ್ನಬಹುದೇ? ಒಂದು ಅಳುಕಿದೆ: ಬಡವರ ಕಾಯಿದೆಯ ನೆರವು ಕಾನೂನು ಒದಗಿಸಿದ್ದು, ಒಬ್ಬರ ಔದಾರ್ಯದಿಂದ ಬಂದದ್ದಲ್ಲ. ಆದರೆ ಅದನ್ನು ಪಡೆಯುವವನಿಗೆ ಹಂಗೆಂದೇ ಅನಿಸುವಂತೆ ಮಾಡುವುದು 1834ರ ಸುಧಾರಕರ ಉದ್ದೇಶವಾಗಿತ್ತು ಎಂದು ನಾನು ತಿಳಿದಿದ್ದೇನೆ. ‘ಹಂಗಿಗ’ ಎಂಬ ರೂಪ ಇಂದಿನ ಗದ್ಯದಲ್ಲಿ ಸಲ್ಲುತ್ತದೆಯೇ, ಅಥವಾ ‘ಹಂಗಿನ ಬಡವ’ ಎಂದು ಬಿಡಿಸಿ ಬರೆಯುವುದೇ ಸರಿಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.