ಅಪ್‌ಡೇಟ್: ಫೀಲ್ಡ್ ವರ್ಕ್ ಅಂದ್ರೆ ಬರೀ ಎಕ್ಸೆಲ್ ತುಂಬೋದಾ ಅಂತ ಕೇಳಿದ್ದೆ

ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ. ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್‌ಗೆ ಹಾಕಿದ್ದ ಸಂಸ್ಥೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಡೇಟಾ ಎಂಟ್ರಿ ಮಾಡಿಸ್ತಾರೆ, ಜನರ ಮುಖವನ್ನೇ ನೋಡಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಸಂಸ್ಥೆ ಬದಲಾಯಿಸು ಅಂದವರೇ ಜಾಸ್ತಿ. ಬದಲಾಯಿಸಲಿಲ್ಲ.

ಕಾಲೇಜಿನ ಮೇಡಂ ಮುಂದೆ ಫೀಲ್ಡ್ ಡೈರಿ ಇಟ್ಟೆ. ಯಾವ ಪುಟ ತಿರುವಿದರೂ ‘ಡೇಟಾ ಎಂಟ್ರಿ’. ಅವರೇ ಸಂಸ್ಥೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕೇಸ್ ವರ್ಕ್ (ಒಬ್ಬೊಬ್ಬರ ಸಮಸ್ಯೆ ಹಿಡಿದು ಕೆಲಸ ಮಾಡೋದು), ಗ್ರೂಪ್ ವರ್ಕ್ (ಒಂದು ಗುಂಪಿನ ಜೊತೆ ಕೆಲಸ ಮಾಡೋದು) ಎರಡೂ ಆಗಬೇಕು ಅಂದರು. ಸೂಪರ್‌ವೈಸರ್ ಸಿಟ್ಟಾಗ್ತಾರೇನೋ ಅಂದುಕೊಂಡಿದ್ದೆ. ಇಲ್ಲ, ಮುಂದಿನ ವಾರವೇ ಮನೆ ಭೇಟಿಗೆ ಕಳಿಸಿದರು.

ಮೊದಲ ಕೇಸ್ ಒಬ್ಬ ಅಜ್ಜಿಯದು. ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ) ಹಣ ನಿಂತುಹೋಗಿದೆ ಅಂತ ನಾಡಕಚೇರಿಗೆ ಅಲೆದು ಸುಸ್ತಾಗಿದ್ದರು. ಪಾಸ್‌ಬುಕ್‌ನಲ್ಲಿ ಎಂಟ್ರಿಯೇ ಇಲ್ಲ. ವಿಚಾರಿಸಿದರೆ, ಯಾರದೋ ಮಾತು ಕೇಳಿ ಇನ್ನೊಂದು ಬ್ಯಾಂಕಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದ್ದರು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತೆ. ಅಷ್ಟೂ ಕಂತು ಅಲ್ಲೇ ಕೂತಿತ್ತು! ಅಜ್ಜಿ ಖುಷಿಪಡಲಿಲ್ಲ, ಬೈದರು: ‘ಇದನ್ನ ಮೊದಲೇ ಹೇಳೋಕೆ ಏನಾಗಿತ್ತವ್ವ ನಿಮಗೆಲ್ಲ?’ ನ್ಯಾಯವಾದ ಪ್ರಶ್ನೆ, ಅಲ್ವಾ?

ಮಧ್ಯಾಹ್ನದ ಮೇಲೆ ಎಕ್ಸೆಲ್ ಈಗಲೂ ತಪ್ಪಿಲ್ಲ. ಗ್ರೂಪ್ ವರ್ಕ್ ಇನ್ನೂ ಶುರುವಾಗಿಲ್ಲ.

ಸ್ಟೈಪೆಂಡ್ ಕೊಡ್ತಾರಾ ಅಂತ ಕೇಳಿದವರಿಗೆ: ಇಲ್ಲ, ಬಸ್ ಚಾರ್ಜೂ ನಮ್ಮದೇ. ನಮಗೆ ಹುಡುಗಿಯರಿಗೆ ಶಕ್ತಿ ಯೋಜನೆ ಇದೆ. ಜೊತೆಗೆ ಬರುವ ಹುಡುಗರ ಪಾಡು ಕೇಳಬೇಡಿ.