26 ಇಂಚಿನ ಎಂಟಿಬಿಗೆ (ಮೌಂಟನ್ ಬೈಕ್) ಟಾರ್ ರೋಡಿನ ಟೈರ್: 1.5 ಸಾಕಾ, 1.75 ಬೇಕಾ? (ದಾವಣಗೆರೆ–ಹರಿಹರ)

ಹಳೇ_ಪಿಬಿ_ರೋಡ್:
ನಮಸ್ಕಾರ. 26 ಇಂಚಿನ ಗೇರ್ ಸೈಕಲ್, ಮುಂದೆ ಶಾಕ್, ಎರಡೂ ಕಡೆ ರಿಮ್ ಹಿಡಿಯೋ ವಿ-ಬ್ರೇಕ್. ಈಗಿರೋದು ಕಂಪನಿಯಿಂದ ಬಂದ 26×2.10 ಬಟನ್ ಟೈರ್ (ಮೈಮೇಲೆಲ್ಲಾ ರಬ್ಬರ್ ಗುಬ್ಬಿ ಇರೋದು). ದಾವಣಗೆರೆಯಿಂದ ಹರಿಹರಕ್ಕೆ ದಿನಾ ಹೋಗಿ ಬರಬೇಕು. ಹೆಚ್ಚಿನಂಶ ಹಳೇ ಪಿ.ಬಿ. ರಸ್ತೆ, ಕೆಲವು ಸಲ ಹೈವೇ ಸರ್ವಿಸ್ ರೋಡ್, ಕೊನೆಗೆ ಒಂದು ಕಿ.ಮೀ. ಮಣ್ಣಿನ ದಾರಿ. ಟೈರ್ ಗುಂಯ್ ಅನ್ನುತ್ತೆ, ತುಳಿಯೋದು ಭಾರ. ನನ್ನ ತೂಕ 74 ಕೆ.ಜಿ., ಬ್ಯಾಗು 5 ಕೆ.ಜಿ. ಎಷ್ಟು ಅಗಲದ್ದು ಹಾಕಿಸಲಿ? ಅಂಗಡಿಯಲ್ಲಿ 26×1⅜ ಇದೆ, ಅದೂ 26 ಇಂಚೇ, ಸಣ್ಣದು, ಹಗುರ ಓಡುತ್ತೆ ಅಂತಾರೆ. ಹಾಕಿಸಬಹುದಾ? ಹಿಂದಿನದೊಂದೇ ಬದಲಿಸಿದ್ರೆ ಸಾಕಾ?

ಕಡ್ಡಿ_ಬಿಗಿ:
ಮೊದಲು 1⅜ ವಿಷಯ: ಬೇಡವೇ ಬೇಡ, ಅದು ನಿಮ್ಮ ರಿಮ್‌ಗೆ ಕೂರಲ್ಲ. ಟೈರಿನ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ನಂಬರ್ ಇರುತ್ತೆ, ಅದನ್ನ ಓದಿ. ನಿಮ್ಮ 2.10 ಮೇಲೆ 54-559 ಅಂತಲೋ ಅದಕ್ಕೆ ಹತ್ತಿರದ್ದೋ ಇರುತ್ತೆ. ಮೊದಲನೇದು ಅಗಲ, ಎರಡನೇದು ಟೈರ್ ರಿಮ್ ಮೇಲೆ ಕೂರೋ ಜಾಗದ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. ದಶಮಾಂಶದಲ್ಲಿ ಬರೆದ 26×1.5, 1.75, 1.95, 2.10 ಎಲ್ಲವೂ 559. ಭಿನ್ನರಾಶಿಯಲ್ಲಿ ಬರೆದ 26×1⅜ ಅಂದ್ರೆ 590, ಕೆಲವು ಲೇಡೀಸ್ ಸೈಕಲ್‌ಗೆ ಬರೋದು. 31 ಮಿ.ಮೀ. ವ್ಯತ್ಯಾಸ. ಸಡಿಲವಾಗಿ ಸಿಕ್ಕಿಸಿದ್ರೂ ಗಾಳಿ ಹೊಡೆದ ತಕ್ಷಣ ರಿಮ್ ಬಿಟ್ಟು ಹೊರಗೆ ಬರುತ್ತೆ. ಅಂಗಡಿಗೆ ಹೋದಾಗ "26 ಇಂಚು" ಅನ್ನಬೇಡಿ, "559 ತೋರಿಸಿ" ಅನ್ನಿ.

ಅಗಲ: ನಿಮ್ಮ ದಾರಿಗೆ 1.75 ಇಂಚು, ಅಂದ್ರೆ 47-559. ನಡುವೆ ನುಣುಪು ಅಥವಾ ಎಡೆಬಿಡದ ಪಟ್ಟಿ, ಎರಡು ಅಂಚಿನಲ್ಲಿ ಸಣ್ಣ ಗ್ರಿಪ್ ಇರೋದು. ಭಾರ ಅನ್ನಿಸೋದಕ್ಕೆ ಅಗಲಕ್ಕಿಂತ ದೊಡ್ಡ ಕಾರಣ ಬಟನ್. ಒಂದೊಂದು ಬಟನ್ ಟಾರಿಗೆ ಒತ್ತಿ ಬಾಗಿ ಮತ್ತೆ ನೆಟ್ಟಗಾಗೋವಾಗ ನಿಮ್ಮ ಕಾಲಿನ ಬಲ ಅಲ್ಲೇ ಹೋಗುತ್ತೆ. ಆ ಗುಂಯ್ ಸದ್ದೂ ಅದರದ್ದೇ. 2.0 ಅಗಲದ ನುಣುಪು ಟೈರ್ ಹಾಕಿದ್ರೂ ಈಗಿನದಕ್ಕಿಂತ ಹಗುರ ಓಡುತ್ತೆ.

ಮಳೆಗೆ ನುಣುಪು ಟೈರ್ ಜಾರುತ್ತೆ ಅನ್ನೋ ಭಯ ಬೇಡ. ಕಾರಿನ ಹಾಗೆ ನೀರಿನ ಮೇಲೆ ತೇಲೋದು ಸೈಕಲ್ ವೇಗಕ್ಕೆ ಆಗಲ್ಲ, ಟಾರಿನ ಮೇಲೆ ರಬ್ಬರ್ ಎಷ್ಟು ತಾಗುತ್ತೋ ಅಷ್ಟು ಹಿಡಿತ. ಎಚ್ಚರ ಬೇಕಾದ್ದು ರಸ್ತೆಗೆ ಬಳಿದ ಬಿಳಿ ಪಟ್ಟಿ ಮೇಲೆ, ಸುಗ್ಗಿಯಲ್ಲಿ ಮೆಕ್ಕೆಜೋಳ ಒಣಹಾಕಿದ ಕಡೆ. ಕಾಳಿನ ಮೇಲೆ ಯಾವ ಟೈರೂ ನಿಲ್ಲಲ್ಲ. ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ.

ಟಾಪ್_ಗೇರ್:
ನನ್ನ ಮತ 1.5ಕ್ಕೆ. ಹೆಚ್ಚಿನಂಶ ಟಾರ್ ಅಂದಮೇಲೆ 40-559 ಹಾಕಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆಸಿ. ತೂಕ ಕಡಿಮೆ, ನಿಂತಲ್ಲಿಂದ ಬೇಗ ಎತ್ತುತ್ತೆ. ಒಂದು ಕಿ.ಮೀ. ಮಣ್ಣಿಗೋಸ್ಕರ ಇಡೀ ದಾರಿ ದಪ್ಪ ಟೈರ್ ಎಳೆಯೋದು ಯಾಕೆ?

ಕಡ್ಡಿ_ಬಿಗಿ:
ಸರ್, ಒಳ್ಳೆ ಟಾರಿಗೆ ನಿಮ್ಮ ಮಾತು ಸರಿ. ಆದರೆ ತೇಪೆ ಹಾಕಿದ ರಸ್ತೆ, ಹಂಪ್, ಜಲ್ಲಿ ಎದ್ದ ಅಂಚು ಇರೋ ಕಡೆ 60 ಪಿಎಸ್‌ಐಗೆ ಟೈರ್ ಉರುಳೋ ಬದಲು ಕುಪ್ಪಳಿಸುತ್ತೆ, ವೇಗ ಅಲ್ಲೇ ಸೋರುತ್ತೆ. ಅದಕ್ಕೇಂತ ಗಾಳಿ ಇಳಿಸಿದ್ರೆ 1.5ರಲ್ಲಿ ಗುಂಡಿಗೆ ಬಿದ್ದಾಗ ರಿಮ್‌ಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಪಕ್ಕಪಕ್ಕ ಎರಡು ತೂತು ಬೀಳುತ್ತೆ. ಪಂಚರ್ ನೋಡಿದಾಗ ಜೋಡಿ ತೂತು ಕಂಡ್ರೆ ಅದು ಮುಳ್ಳಲ್ಲ, ಗಾಳಿ ಕಡಿಮೆ ಆಗಿದ್ದು ಅಂತ ತಿಳೀರಿ.

ಇನ್ನೊಂದು. 54ರಿಂದ 40ಕ್ಕೆ ಇಳಿದ್ರೆ ಇಡೀ ಸೈಕಲ್ 14 ಮಿ.ಮೀ. ಕೆಳಗೆ ಬರುತ್ತೆ, ತಿರುವಿನಲ್ಲಿ ತುಳಿಯುತ್ತಾ ವಾಲಿದ್ರೆ ಪೆಡಲ್ ನೆಲಕ್ಕೆ ಬಡಿಯೋ ಸಾಧ್ಯತೆ ಜಾಸ್ತಿ. ಗೇರ್ ಕೂಡ ಶೇ. 4ರಷ್ಟು ಸಣ್ಣದಾದ ಹಾಗೆ. 47ಕ್ಕೆ ಇಳಿದ್ರೆ 7 ಮಿ.ಮೀ., ಶೇ. 2. ಮೀಟರ್ ಹಾಕಿದ್ರೆ ಚಕ್ರದ ಸುತ್ತಳತೆಯನ್ನ ಹೊಸದಾಗಿ ಅಳೆದು ಹಾಕಿ, ಇಲ್ಲಾಂದ್ರೆ ಓಡದ ದೂರವನ್ನೂ ತೋರಿಸುತ್ತೆ.

ಜೋಗಿಮಟ್ಟಿ:
ಚಿತ್ರದುರ್ಗದ ಕಡೆಯಿಂದ. ಅಗಲದ ಚರ್ಚೆ ಆಗಲಿ, ಆದರೆ ನಮ್ಮ ಭಾಗದಲ್ಲಿ ಟೈರ್ ಆರಿಸಬೇಕಾದ್ದು ಮೊದಲು ಮುಳ್ಳು ನೋಡಿ. ಬಳ್ಳಾರಿ ಜಾಲಿ ರಸ್ತೆ ಬದಿಯಲ್ಲೆಲ್ಲಾ ಇದೆ, ಕಡಿದ ರೆಂಬೆ ಅಂಚಿಗೆ ಬಿದ್ದಿರುತ್ತೆ. ಸರ್ವಿಸ್ ರೋಡಿನಲ್ಲಿ ಅದಕ್ಕಿಂತ ಕೆಟ್ಟದ್ದು ಲಾರಿ ಟೈರ್ ಸಿಡಿದಾಗ ಉದುರೋ ಕೂದಲಿನಂಥ ಉಕ್ಕಿನ ತಂತಿ. ಕಣ್ಣಿಗೆ ಕಾಣಲ್ಲ. ಟ್ಯೂಬ್ ಬದಲಿಸಿದ ಮೇಲೂ ಮತ್ತೆ ಅದೇ ಜಾಗದಲ್ಲಿ ಪಂಚರ್ ಆಗೋದು ಇದರಿಂದಲೇ. ಟೈರ್ ಒಳಗೆ ಬರಿ ಬೆರಳು ಹಾಕಬೇಡಿ, ಹಳೇ ಹತ್ತಿ ಬಟ್ಟೆ ಸುತ್ತಿ ಒರೆಸಿ. ತಂತಿ ಇದ್ರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತೆ. ಚಿಮ್ಮಟದಿಂದಲೋ ಉಗುರು ಕತ್ತರಿಯಿಂದಲೋ ಎಳೀರಿ.

ಒಳಗೆ ಪಂಚರ್ ತಡೆಯೋ ಪದರ ಇರೋ ಟೈರ್ ತಗೊಳ್ಳಿ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ರಬ್ಬರ್ ಪದರ ಇದೆ. ಬೆಲೆಯೂ ಜಾಸ್ತಿ, ತೂಕವೂ ಜಾಸ್ತಿ, ಆದರೆ ದಿನಾ ಕೆಲಸಕ್ಕೆ ಹೋಗೋರಿಗೆ ಆ ತೂಕ ನಷ್ಟವಲ್ಲ. ಅಷ್ಟು ಬೇಡ ಅಂದ್ರೆ ರಾಲ್ಸನ್, ಮೆಟ್ರೋ ತರಹದ ಮಾಮೂಲಿ ಟೈರ್ ಹಾಕಿ ಒಳಗೆ, ಟೈರಿಗೂ ಟ್ಯೂಬಿಗೂ ನಡುವೆ, ಮುಳ್ಳು ತಡೆಯೋ ಲೈನರ್ ಪಟ್ಟಿ ಇಡಬಹುದು. ಪಟ್ಟಿಯ ಎರಡು ತುದಿಯನ್ನ ಗುಂಡಗೆ ಕತ್ತರಿಸಿ ಉಪ್ಪುಕಾಗದದಿಂದ ತಿಕ್ಕಿ. ಹಾಗೇ ಬಿಟ್ರೆ ಆ ತುದಿಯೇ ಟ್ಯೂಬನ್ನ ಉಜ್ಜಿ ಉಜ್ಜಿ ತೂತು ಮಾಡುತ್ತೆ. ಸೀಲೆಂಟ್ (ಟ್ಯೂಬಿನೊಳಗೆ ಹಾಕೋ, ತೂತು ಮುಚ್ಚೋ ದ್ರವ) ಸಣ್ಣ ತೂತಿಗೆ ಒಳ್ಳೇದು, ಆದರೆ ನಮ್ಮ ಬೇಸಿಗೆಗೆ ಒಣಗುತ್ತೆ, ಆಗಾಗ ಮತ್ತೆ ಹಾಕಬೇಕು. ಅದು ಮೆತ್ತಿಕೊಂಡ ಟ್ಯೂಬಿಗೆ ಪ್ಯಾಚೂ ಸರಿಯಾಗಿ ಅಂಟಲ್ಲ.

ಹಿಂದಿನದೊಂದೇ ಬದಲಿಸೋದರಲ್ಲಿ ತಪ್ಪಿಲ್ಲ. ಹೆಚ್ಚಿನ ಭಾರ ಹಿಂದೆ, ಬೇಗ ಸವೆಯೋದೂ ಅದೇ. ಮುಂದೆ ಗ್ರಿಪ್ ಇದ್ರೆ ಮಣ್ಣಿನ ದಾರಿಯಲ್ಲಿ ಹ್ಯಾಂಡಲ್ ಮಾತು ಕೇಳುತ್ತೆ. ಮಳೆಗಾಲದ ಎರೆ ಮಣ್ಣಿಗೆ ಮಾತ್ರ ಯಾವ ಗ್ರಿಪ್ಪೂ ಉಪಯೋಗಕ್ಕೆ ಬರಲ್ಲ, ಅದು ಬ್ರೇಕಿಗೂ ಫೋರ್ಕಿಗೂ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತೆ. ಅಲ್ಲಿ ಸಣ್ಣ ಟೈರಿಗೇ ಲಾಭ, ಸುತ್ತ ಸಂದು ಉಳಿಯುತ್ತೆ.

ಹಳೇ_ಪಿಬಿ_ರೋಡ್:
ತುಂಬಾ ಉಪಕಾರ ಆಯ್ತು. ರಿಮ್ ಮೇಲೆ 559×21 ಅಂತಿದೆ. 1.75 ಎರಡು ತಗೊಳ್ತೀನಿ. ಹಳೇ ಟ್ಯೂಬ್ ನಡೆಯುತ್ತಾ? ಗಾಳಿ ಎಷ್ಟು? ಬಿಸಿಲಿಗೆ ಸಿಡಿಯುತ್ತೆ, ಕಡಿಮೆ ಹೊಡೆಸಿ ಅಂತಾರೆ, ನಿಜಾನಾ?

ಕಡ್ಡಿ_ಬಿಗಿ:
21 ಮಿ.ಮೀ. ಒಳ ಅಗಲಕ್ಕೆ 47 ಚೆನ್ನಾಗಿ ಕೂರುತ್ತೆ. ಟೈರ್ ಅಗಲ ರಿಮ್‌ನ ಒಳ ಅಗಲದ ಒಂದೂವರೆ ಪಟ್ಟಿಗಿಂತ ಕಡಿಮೆ ಆಗಬಾರದು, ಅಷ್ಟು ನೋಡಿದ್ರೆ ಸಾಕು. ಟ್ಯೂಬ್ ಮೇಲೆ ಬರೆದ ಅಳತೆಯಲ್ಲಿ 1.75 ಒಳಗೊಂಡಿದ್ರೆ ಹಳೇದೇ ಹಾಕಿ. 1.95–2.125 ಮಾತ್ರ ಇದ್ರೆ ಹೊಸದು ತಗೊಳ್ಳಿ. ದೊಡ್ಡ ಟ್ಯೂಬ್ ಸಣ್ಣ ಟೈರಿನಲ್ಲಿ ಮಡಿಕೆ ಬೀಳುತ್ತೆ, ಆ ಮಡಿಕೆಯಲ್ಲೇ ಸೀಳುತ್ತೆ.

ನಿಮ್ಮ ತೂಕಕ್ಕೆ ಮುಂದೆ 40, ಹಿಂದೆ 45–48 ಪಿಎಸ್‌ಐನಿಂದ ಶುರು ಮಾಡಿ. ಟೈರ್ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ. ಬಿಸಿಲಿನ ಲೆಕ್ಕ ಹೀಗೆ: 20 ಡಿಗ್ರಿಯಲ್ಲಿ ಹೊಡೆದ 45 ಪಿಎಸ್‌ಐ 40 ಡಿಗ್ರಿಗೆ ಸುಮಾರು 49 ಆಗುತ್ತೆ, ಅಷ್ಟೆ. ಸಿಡಿಯೋದು ಸಾಮಾನ್ಯವಾಗಿ ಟೈರ್ ಸರಿಯಾಗಿ ಕೂರದೆ ಇದ್ದಾಗ, ಇಲ್ಲಾ ಪಕ್ಕ ಸೀಳಿದ್ದಾಗ. ಬಂಕಿನ ಗಾಳಿ ಬೇಡ. ಸೈಕಲ್ ಟ್ಯೂಬಿಗೆ ಹಿಡಿಸೋ ಗಾಳಿಯೇ ಸ್ವಲ್ಪ, ಕಣ್ಣು ಮಿಟುಕಿಸೋದರಲ್ಲಿ ಮಿತಿ ದಾಟುತ್ತೆ. ಮೀಟರ್ ಇರೋ ನಿಲ್ಲಿಸಿ ಹೊಡೆಯೋ ಪಂಪ್ ಒಂದು ಮನೆಯಲ್ಲಿರಲಿ, ವಾರಕ್ಕೊಮ್ಮೆ ನೋಡಿ.

ಹಾಕುವಾಗ: ಕಡ್ಡಿ ತೂತು ಮುಚ್ಚೋ ರಿಮ್ ಪಟ್ಟಿ ಸರಿದಿಲ್ಲ ಅಂತ ನೋಡಿ. ತಿರುಗೋ ದಿಕ್ಕಿನ ಬಾಣ ಇದ್ರೆ ಮುಂದಕ್ಕೆ ಇರಲಿ. ಟೈರಿನ ಹೆಸರು ವಾಲ್ವ್ ಪಕ್ಕಕ್ಕೇ ಬರೋ ಹಾಗೆ ಕೂರಿಸಿ, ಮುಂದೆ ಟ್ಯೂಬಿನ ತೂತು ಸಿಕ್ಕಾಗ ಟೈರಿನಲ್ಲಿ ಮುಳ್ಳು ಎಲ್ಲಿದೆ ಅಂತ ಅಳೆದು ಹೇಳಬಹುದು. ಟ್ಯೂಬಿಗೆ ಆಕಾರ ಬರೋವಷ್ಟು ಗಾಳಿ ಕೊಟ್ಟು ಒಳಗಿಡಿ. ಅಂಚು ಸೇರಿಸೋದನ್ನ ವಾಲ್ವ್‌ಗೆ ಎದುರು ಕಡೆಯಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ, ಕೊನೆಯ ಗೇಣು ಹೆಬ್ಬೆರಳಲ್ಲೇ ಒತ್ತಿ. ಟೈರ್ ಎಬ್ಬೋ ಲಿವರ್ ಹಾಕಿದ್ರೆ ಟ್ಯೂಬ್ ಚಿವುಟುತ್ತೆ. 15–20 ಪಿಎಸ್‌ಐಗೆ ನಿಲ್ಲಿಸಿ ಚಕ್ರ ತಿರುಗಿಸಿ: ಟೈರ್ ಪಕ್ಕದ ಸಣ್ಣ ಗೆರೆ ರಿಮ್‌ನಿಂದ ಸುತ್ತಲೂ ಒಂದೇ ಅಂತರದಲ್ಲಿರಬೇಕು. ಒಂದು ಕಡೆ ಒಳಗೆ ಹೋಗಿದ್ರೆ ಗಾಳಿ ಬಿಟ್ಟು, ಅಲ್ಲಿ ಸೋಪಿನ ನೀರು ಸವರಿ ಮತ್ತೆ ಹೊಡೀರಿ. ಆಮೇಲೆ ಪೂರ್ತಿ.

ವಿ-ಬ್ರೇಕಿನ ರಬ್ಬರ್ ಟೈರಿಗೆ ತಾಗದೆ ಪೂರ್ತಿ ರಿಮ್ ಮೇಲೇ ಕೂತಿದೆಯಾ ಅಂತಲೂ ನೋಡಿಬಿಡಿ. ಮಡ್‌ಗಾರ್ಡ್ ಹಾಕಿಸೋದಾದ್ರೆ 55 ಮಿ.ಮೀ.ಗಿಂತ ಸಣ್ಣದು ಬೇಡ.