ಪಿಇ ಸಿವಿಲ್ ಪರೀಕ್ಷೆ: ಸಮಯ ಎಲ್ಲಿ ಸೋರಿಹೋಗುತ್ತೆ?

ಪ್ರಶ್ನೆ: ಅಮೆರಿಕದ ಪಿಇ ಸಿವಿಲ್‌ನಲ್ಲಿ (ಸಿವಿಲ್ ಎಂಜಿನಿಯರ್‌ಗಳ ವೃತ್ತಿ ಪರವಾನಗಿ ಪರೀಕ್ಷೆ) 80 ಪ್ರಶ್ನೆ, 8 ಗಂಟೆ. ಲೆಕ್ಕ ಗೊತ್ತಿದ್ದರೂ ಸಮಯ ಸಾಲಲ್ಲ ಅಂತಾರಲ್ಲ, ಯಾಕೆ?

ಉತ್ತರ 1: ಸರಾಸರಿ ಪ್ರಶ್ನೆಗೆ 6 ನಿಮಿಷ. ಅದನ್ನು ತಿನ್ನೋದು ಲೆಕ್ಕ ಅಲ್ಲ, ಹುಡುಕಾಟ. ಸ್ವಂತ ಪುಸ್ತಕ ಒಯ್ಯೋ ಹಾಗಿಲ್ಲ, ಪರೀಕ್ಷೆ ನಡೆಸೋ ಎನ್‌ಸಿಇಇಎಸ್ ಸಂಸ್ಥೆ ಪರದೆ ಮೇಲೆ ಕೊಡೋ ಕೈಪಿಡಿ, ವಿನ್ಯಾಸ ಮಾನದಂಡಗಳೇ ಗತಿ. ಬರೀ ‘ಬೀಮ್’ ಅಂತ ಹುಡುಕಿದರೆ ಫಲಿತಾಂಶಗಳ ರಾಶಿ ಬೀಳುತ್ತೆ. ಅದೇ ಕೈಪಿಡಿಯ ಪಿಡಿಎಫ್ ಇಟ್ಟುಕೊಂಡು ಅಭ್ಯಾಸ ಮಾಡಿ, ಯಾವ ಸೂತ್ರ ಯಾವ ಅಧ್ಯಾಯದಲ್ಲಿದೆ ಅನ್ನೋದು ಬಾಯಿಪಾಠ ಆಗಿರಲಿ.

ಉತ್ತರ 2: ಯೂನಿಟ್ಟೂ ಕಾಲೆಳೆಯುತ್ತೆ. ಕಾಲುವೆಯಲ್ಲಿ ನೀರಿನ ವೇಗ ಲೆಕ್ಕಿಸೋ ಮ್ಯಾನಿಂಗ್ ಸೂತ್ರದಲ್ಲಿ ಗುಣಿಸೋ ಸ್ಥಿರಾಂಕ ಅಡಿಗೆ 1.486, ಮೀಟರಿಗೆ 1. ಎಡವಿ ಬಂದ ಉತ್ತರವೂ ಆಯ್ಕೆಗಳಲ್ಲಿ ಸಭ್ಯವಾಗಿ ಕೂತಿರಬಹುದು!

ಉತ್ತರ 3: ತಪ್ಪಿಗೆ ಅಂಕ ಕಡಿತ ಇಲ್ಲ, ಖಾಲಿ ಬಿಡಬೇಡಿ. ಮೊದಲ ಭಾಗದಲ್ಲಿ ಆಮೇಲೆ ನೋಡೋಣ ಅಂತ ಫ್ಲಾಗ್ (ಗುರುತು) ಮಾಡಿದ್ದನ್ನು ಮಧ್ಯದ ವಿರಾಮಕ್ಕೆ ಮುಂಚೆಯೇ ಮುಗಿಸಿ. ಮೊದಲ ಭಾಗ ಸಲ್ಲಿಸಿದ ಮೇಲೆ ಹಿಂದಕ್ಕೆ ಹೋಗೋಕಾಗಲ್ಲ.